ನೀರು ಕೊಡ್ರಿ, ಚಾ ತರಸ್ರಿ

ಮೊನ್ನೆ ಇಚಲಕರಂಜಿಯಿಂದ ಬಂದ ಗಂಟೊಂದನ್ನು ಬಿಚ್ಚುತ್ತಿದ್ದೆ. ಗೋಣಿತಟ್ಟಿನ ಹೊಲಿಗೆ ಕತ್ತರಿಸಿ ಒಳಗಿನ ಅರಿವಿ, ಅಂದರೆ ಬಟ್ಟೆ, ಹೊರಗೆಳೆದ ಕೂಡಲೇ ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಬಣ್ಣ ನೋಡಿದೆ. ಮೋಡ ಕವಿದ ಮಧ್ಯಾಹ್ನದಂಥ ಬೂದಿ ಬೆರೆತ ನೀಲಿ. ನಾನು ತರಿಸಿದ್ದು ಬೇರೆ, ಅವರು ತಪ್ಪಿ ಇದನ್ನು ಕಳಿಸಿದ್ದರು. ಹಿಂದಕ್ಕೆ ಹೋಗುವ ಮಾಲನ್ನು ಬಿಚ್ಚಬಾರದು, ಮಡಿಕೆ ಕೆಟ್ಟರೆ ಅವರು ವಾಪಸ್ ತಗೊಳ್ಳೋದಿಲ್ಲ. ಇಷ್ಟು ಗೊತ್ತಿದ್ದೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತುಬಿಟ್ಟೆ... ಅದು ಅಕ್ಕೋರ ಬಣ್ಣ.

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಇವರು ಸಾಲಿ ಕಲಿಸುವವರನ್ನು ತಯಾರು ಮಾಡುವವರು. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಅಲ್ಲಿ ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ನಾನೊಬ್ಬನೇ ಬಾಯಿ ತಪ್ಪಿ ಮೊದಲ ದಿನ ಅಕ್ಕೋರು ಅಂದೆ, ಆಮೇಲೆ ಅದೇ ನಿಂತುಹೋಯಿತು. ಹಿರೇಕೆರೂರ ಕಡೆಯ ಹಳ್ಳಿಯವರು. ಎಷ್ಟು ಓದಿದರೂ ಮಾತಿನ ಧಾಟಿ ಬಿಟ್ಟಿರಲಿಲ್ಲ.

ನನ್ನದು ದುಂಡಸಿ. ನಾಲ್ಕನೇ ಇಯತ್ತೆಗೆ ಓದು ಮುಗಿಸಿದವನು. ತಲೆಯ ಮೇಲೆ ಅರಿವಿ ಗಂಟು ಹೊತ್ತು ಹಾನಗಲ್ಲು, ಸವಣೂರು, ಹಿರೇಕೆರೂರ ಸಂತೆಗಳನ್ನು ಸುತ್ತಿ, ಕಡೆಗೆ ಶಿಗ್ಗಾವಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ವ್ಯಾಪಾರ ಕಲಿಸಿದವರು ಯಾರೂ ಇಲ್ಲ, ಪೆಟ್ಟು ತಿಂದು ಕಲಿತೆ. ಹಾಗಾಗಿ ಕೇಳದಿದ್ದರೂ ನಾಲ್ಕು ಮಂದಿಗೆ ಬುದ್ಧಿ ಹೇಳುವ ಚಟ ನನಗಿದೆ. ಇಲ್ಲೂ ಹೇಳಿಯೇನು, ಓದುವವರು ಸಹಿಸಿಕೊಳ್ಳಬೇಕು.

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವಾಗಲೇ ನಾನು ಗಾದಿಯ ಮೇಲಿಂದ ಕಾಲು ನೋಡುತ್ತಿದ್ದೆ. ಮೈಮೇಲಿನ ಸೀರೆ ಯಾರದೋ ಕಡ ಇರಬಹುದು, ಕೊರಳಿನದು ಬರೀ ಮಿಣುಕು ಇರಬಹುದು, ಹಿಮ್ಮಡ ಮಾತ್ರ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಹಿಮ್ಮಡ ಒಡೆದಿದ್ದು, ಚಪ್ಪಲಿ ರಬ್ಬರಿನದಿದ್ದರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಹಳೇ ಮನುಷ್ಯನಿಗೆ ಕೂಗುತ್ತಿದ್ದೆ: "ಅವ್ವಗ ನೀರು ಕೊಡ್ರಿ." ಕಾಲು ಮೆತ್ತಗಿದ್ದರೆ: "ಅಕ್ಕಾರಿಗೆ ಚಾ ತರಸ್ರಿ." ನೀರು ಅಂದರೆ ಅಗ್ಗದ ಮಾಲಿನ ಕೆಳಗಿನ ಕಪಾಟು, ಚಾ ಅಂದರೆ ತುಟ್ಟಿ ಮಾಲಿನ ಮೇಲಿನದು. ಗಿರಾಕಿಗೆ ಗೊತ್ತಾಗುವ ಮಾತೇ ಇಲ್ಲ, ಯಾಕೆಂದರೆ ನೀರೂ ನಿಜಕ್ಕೂ ಬರುತ್ತಿತ್ತು, ಚಾನೂ ಬರುತ್ತಿತ್ತು. ಕೆಳಗಿನ ಕಪಾಟಿನ ಗಿರಾಕಿಗೆ ಮೇಲಿನ ಸೀರೆ ಬಿಚ್ಚಿ ತೋರಿಸಿದರೆ ಮಾಲು ಮಾಸುತ್ತದೆ, ಹೊತ್ತು ಹೋಗುತ್ತದೆ, ಕೊಳ್ಳೋದಂತೂ ಇಲ್ಲ ಅನ್ನೋದು ನನ್ನ ಲೆಕ್ಕಾಚಾರ. ಬಿಸಿಲಲ್ಲಿ ಬಂದವರು ನೀರು ಕುಡಿದು "ನಿಮ್ಮ ಅಂಗಡಿ ತಣ್ಣಗಿರ್ಲಿ" ಅಂತ ಹರಸಿ ಹೋಗುತ್ತಿದ್ದರು.

ಅಕ್ಕೋರು ಮೊದಲ ಸಲ ಬಂದದ್ದು ಅಂಥ ಬಿಸಿಲಲ್ಲೇ. ಬಸ್ಸಿಳಿಯುವಾಗ ಅವರ ಚಪ್ಪಲಿ ಉಂಗುಟ ಹರಿದಿತ್ತಂತೆ, ಸ್ಟ್ಯಾಂಡಿನ ಹತ್ತಿರ ರಬ್ಬರ್ ಚಪ್ಪಲಿ ತಗೊಂಡು ಮೆಟ್ಟಿ ಬಂದಿದ್ದರು. ಕಾಲ ತುಂಬಾ ಧೂಳು. ಮೈಮೇಲೆ ತೊಳೆದು ತೊಳೆದು ಬಣ್ಣ ಹೋದ ನೂಲಿನ ಸೀರೆ. ನಾನು ಎರಡನೇ ಸಲ ನೋಡಲಿಲ್ಲ. "ಅಕ್ಕಗ ನೀರು ಕೊಡ್ರಿ" ಅಂದೆ.

ನೀರು ಬಂತು. ಕೆಳಗಿನ ಕಪಾಟಿನ ಸೀರೆಗಳು ಎದುರಿಗೆ ಬಿದ್ದವು. ಅವರು ನಿಧಾನಕ್ಕೆ ನೀರು ಕುಡಿದು, ತಮಗೆ ಸೀರೆ ಬೇಡ, ವಿಭಾಗದ ವಿದ್ಯಾರ್ಥಿಗಳಿಗೆ ಸಮವಸ್ತ್ರದ ಅರಿವಿ ಬೇಕು, ತಾವು ಅಲ್ಲಿನ ಮುಖ್ಯಸ್ಥೆ ಅಂದರು. ನನಗೆ ಗಾದಿ ಸುಟ್ಟಂಗಾಯಿತು. "ಏ, ಮೇಡಮ್ಮಾರಿಗೆ ಚಾ ತರಸ್ರಿ!" ಅಂತ ಚೀರಿದೆ. ನಮ್ಮ ಹಳೇ ಮನುಷ್ಯ ರೂಢಿಯ ಪ್ರಕಾರ ಎದುರಿಗಿದ್ದ ಸೀರೆಗಳನ್ನೆಲ್ಲಾ ಒಂದೇ ಬಾಚಿಗೆ ಬಾಚಿ ಒಯ್ದು, ಮೇಲಿನ ಕಪಾಟಿನವನ್ನು ತಂದು ಹಾಕಿಬಿಟ್ಟ. ಅವರು ಸೀರೆ ಬೇಡ ಅಂದದ್ದು ಅವನ ಕಿವಿಗೇ ಬಿದ್ದಿರಲಿಲ್ಲ.

ಅಕ್ಕೋರು ಒಮ್ಮೆ ಸೀರೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಸಾವ್ಕಾರ್ರ, ಚಾ ಅಂದಕೂಡ್ಲೆ ಸೀರಿ ಯಾಕ ಬದಲಾದುವು?"

ನಾನು ಏನೇನೋ ಹೇಳಿ ಜಾರಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. "ಖರೇ ಹೇಳಿದ್ರ ಅರಿವಿ ನಿಮ್ಮಲ್ಲೇ ತಗೋತೇನಿ. ಇಲ್ಲಾಂದ್ರ ಎದುರಿಗೂ ಒಂದು ಅಂಗಡಿ ಐತಿ." ಚೌಕಾಶಿಯಲ್ಲಿ ನನ್ನನ್ನು ಹಾಗೆ ಮೂಲೆಗೆ ಒತ್ತಿದವರು ಕಡಿಮೆ. ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಂದ್ರ ನಾ ನೀರಿನ ಗಿರಾಕಿ!" ಆಮೇಲೆ ನಗು ಒಮ್ಮೆಲೇ ನಿಂತುಹೋಯಿತು. "ನಮ್ಮ ಮಾಸ್ತರ ಮಂದಿನೂ ಇದನ್ನ ಮಾಡ್ತಾರ್ರಿ. ಅವ್ರು ಕಾಲು ನೋಡೂದಿಲ್ಲ, ಅಡ್ಡಹೆಸರು ನೋಡ್ತಾರ. ಯಾವ ಹುಡುಗನ್ನ ಪ್ರಶ್ನೆ ಕೇಳೂದು, ಯಾವ ಹುಡುಗನ್ನ ಕಸಾ ಹೊಡಿಯಾಕ ಎಬ್ಬಸೂದು, ಮೊದಲ ದಿನಾನ ಮನಸಿನ್ಯಾಗ ಬರದಿಟ್ಟಿರ್ತಾರ."

ಅವತ್ತು ಅರಿವಿಯ ಮಾತುಕತೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಬಣ್ಣ ಅವರೇ ಆರಿಸಿದರು, ಆ ಬೂದಿ ಬೆರೆತ ನೀಲಿ. ನಾನು ತಯಾರಾದ ಸೀರೆಗಳನ್ನೇ ಕೊಡುವ ವಿಚಾರದಲ್ಲಿದ್ದೆ. ಅವರಿಗೆ ಥಾನೇ ಬೇಕು, ಅಂದರೆ ಕತ್ತರಿಸದ ಇಡೀ ಸುರುಳಿ. ಕಾಲಿಗೆ ಕಬ್ಬಿಣದ ಆಸರೆ ಕಟ್ಟಿಕೊಂಡು ನಡೆಯುವ ಹುಡುಗಿ ಒಬ್ಬಳಿದ್ದಾಳೆ, ಸೀರೆಯ ನೆರಿಗೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವರಿಗೆ ತುಂಬುತೋಳು ಬೇಕು, ತಲೆಯ ಮೇಲೆ ಹೊದೆಯಲು ಅದರದೇ ಬಟ್ಟೆ ಬೇಕು. ಗಂಡುಹುಡುಗರ ಅಂಗಿಯೂ ಇದರದೇ ಆಗಬೇಕು. ಥಾನು ಒಡೆದರೆ ತುಂಡು ಉಳಿಯುತ್ತವೆ, ನನಗೆ ಹಾನಿ ಅಂದೆ. "ತುಂಡಿನ್ಯಾಗ ಪಾಠದ ವಹಿ ಇಟ್ಕೊಳ್ಳಾಕ ಚೀಲ ಹೊಲಸ್ರಿ, ಅವನ್ನೂ ನಾವ ತಗೋತೇವಿ. ಅರಿವಿ ಒಂದ ಇರ್ಲಿ. ಹೊಲಿಗಿ ಅವರವರ ಮೈಗೆ ತಕ್ಕಂಗ ಇರ್ಲಿ" ಅಂದರು. ನನಗೆ ಉಸಿರೆತ್ತಲು ಜಾಗ ಬಿಡಲಿಲ್ಲ.

ಹಾಗೆ ಹೋಗಿಬರುವುದು ಶುರುವಾಯಿತು. ಅಳತೆಗೆ ದರ್ಜಿಯನ್ನು ಕರೆದುಕೊಂಡು ನಾನೇ ಹೋಗುತ್ತಿದ್ದೆ. ವಿಭಾಗ ಇದ್ದದ್ದು ಹೈವೇ ಬದಿಯ ಒಂದು ಹಳೇ ಕಟ್ಟಡದಲ್ಲಿ. ಬಾಗಿಲಲ್ಲೇ ದೊಡ್ಡ ಅಕ್ಷರದ ಹಲಗೆ: ಸಮಾನತೆ, ವೈವಿಧ್ಯ ಅಂತ. ಹಲಗೆ ಎಲ್ಲಾ ಕಡೆ ಇರುತ್ತವೆ, ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಒಳಗಿನ ನಡಾವಳಿ ನೋಡಿ ಬೆರಗಾದೆ. ಕಾಲು ಸರಿಯಿಲ್ಲದ ಆ ಹುಡುಗಿಗಾಗಿ ಅಕ್ಕೋರು ತಮ್ಮ ಕೋಣೆಯನ್ನು ಮೇಲಿನ ಮಹಡಿಗೆ ಒಯ್ದು, ಅವಳ ತರಗತಿಯನ್ನು ಕೆಳಗೆ ತಂದಿದ್ದರು. ತಮಗೆ ಮೊಣಕಾಲು ನೋವು, ದಿನಾ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಪಾಠದ ತಾಲೀಮಿಗೆ ಹುಡುಗರನ್ನು ಊರಿನ ಸಾಲಿಗಳಿಗೆ ಕಳಿಸುವಾಗ ಮೊದಲೆಲ್ಲಾ ವಶೀಲಿ ಇದ್ದವರಿಗೆ ಶಿಗ್ಗಾವಿ, ಇಲ್ಲದವರಿಗೆ ದೂರದ ಹಳ್ಳಿ ಬರುತ್ತಿತ್ತಂತೆ. ಇವರು ಚೀಟಿ ಎತ್ತುವ ಪದ್ಧತಿ ತಂದರು. ಆ ವರ್ಷ ನನ್ನ ತಂಗಿಯ ಮಗಳೂ ಅಲ್ಲೇ ಓದುತ್ತಿದ್ದಳು. ಅವಳಿಗೆ ಶಿಗ್ಗಾವಿ ಸಾಲಿಯೇ ಸಿಗಲಿ ಅಂತ ನಾನು ಅಕ್ಕೋರ ಕಿವಿಗೆ ಒಂದು ಮಾತು ಹಾಕಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹುಡುಗಿ ಚೀಟಿ ಎತ್ತಿದರೆ ದುಂಡಸಿ ಬಂತು. "ನಿಮ್ಮೂರಿಗೇ ಕಳಸೇನಲ್ರಿ, ಇನ್ನೇನ ಬೇಕು?" ಅಂತ ನಕ್ಕರು.

ನಾನೂ ಬಿಡಲಿಲ್ಲ, ಬುದ್ಧಿ ಹೇಳಿದೆ. "ಅಕ್ಕೋರ, ಎಲ್ಲಾರಿಗೂ ಹೊಂದಿಸ್ಕೋತ ಹೋದ್ರ ಅಂಗಡಿ ನಡಿಯೂದಿಲ್ರಿ."

"ಅಂಗಡಿ ಅಲ್ರಿ ಇದು, ಸಾಲಿ. ಇಲ್ಲಿಂದ ಹ್ವಾದಾವ್ರು ಒಬ್ಬೊಬ್ರು ಎಷ್ಟು ಕೂಸುಗಳ ಮುಂದ ನಿಂದರ್ತಾರ ನೋಡ್ರಿ."

ಮರುವರ್ಷ ಹೊಸ ತಂಡ ಬಂದಾಗ ಅವರು ನನಗೊಂದು ಮಾತು ಕೇಳಿದರು. ನಿಮ್ಮ ನೀರು-ಚಾದ ಕತೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಬಂದು ಹೇಳಬೇಕು, ಗುರುತಿಲ್ಲದವರನ್ನು ನಾವು ಹೆಂಗ ತೂಗುತ್ತೇವೆ ಅನ್ನೋದು ಅವರಿಗೆ ತಿಳಿಯಬೇಕು, ನಾ ಹೇಳಿದರೆ ಪುಸ್ತಕದ ಮಾತಾಗುತ್ತದೆ ಅಂದರು. ನಾಲ್ಕನೇ ಇಯತ್ತೆಯವನನ್ನು ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಕರೆದಂಗಾಯಿತು. ನಾನು ಹೊಸ ಧೋತರ ಉಟ್ಟುಕೊಂಡು ಹೋದೆ.

ಈಗ ನೆನೆಸಿಕೊಂಡರೆ ಹಣೆ ಚಚ್ಚಿಕೊಳ್ಳುವಂಗಾಗುತ್ತದೆ. ಆದರೆ ಅವತ್ತು ನಾನು ಭಾಳ ಚೆಂದ ಮಾತಾಡಿದೆ. ಗಾದಿಯ ಮೇಲಿಂದ ಹೆಂಗೆ ಕಾಲು ನೋಡುತ್ತೇನೆ, ಹೆಂಗೆ ಕೂಗುತ್ತೇನೆ, ನೀರು ಕುಡಿದವರು ಹೆಂಗೆ ಹರಸಿ ಹೋಗುತ್ತಾರೆ ಅಂತ ಅಭಿನಯ ಮಾಡಿ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ನಕ್ಕಷ್ಟೂ ನನಗೆ ಉಮೇದಿ ಹೆಚ್ಚಾಯಿತು. ಅಕ್ಕೋರೂ ಬದಿಯಲ್ಲಿ ಕುಳಿತು ನಗುತ್ತಿದ್ದರು. ನಗು ಇಳಿದ ಮೇಲೆ ಎದ್ದು ಪಾಠಕ್ಕೆ ಬರಬೇಕು ಅಂತ ಅವರ ವಿಚಾರ ಇತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ತೆಳ್ಳಗಿನ ಹುಡುಗಿ, ಸವಣೂರು ತಾಲೂಕಿನವಳು. ಮೊದಲು ಏನೋ ಪ್ರಶ್ನೆ ಕೇಳುತ್ತಾಳೆ ಅಂದುಕೊಂಡೆ.

"ಸಾವ್ಕಾರ್ರ, ನಮ್ಮೂರಾಗ ನಮ್ಮ ಓಣಿಯವ್ರಿಗೆ ಇನ್ನೂ ಮ್ಯಾಲಿಂದ ಬೊಗಸಿಗೆ ನೀರು ಹಾಕ್ತಾರ್ರಿ. ನಮ್ಮವ್ವ ನಿಮ್ಮ ಅಂಗಡಿಗೆ ಬಂದಾಗ ಕೈಯಾಗ ಲೋಟಾ ಕೊಟ್ಟಿದ್ರಂತ. ಕುಂದರಿಸಿ, ಅವ್ವ ಅಂತ ಕರದು. ಅದನ್ನಕಿ ಊರ ತುಂಬ ಹೇಳ್ಯಾಳ. ನಮ್ಮ ಓಣ್ಯಾಗ ಯಾರ ಮನ್ಯಾಗ ಮದಿವಿ ಇದ್ರೂ ನಿಮ್ಮ ಅಂಗಡಿಗೇ ಕಳಸ್ತಾಳ."

ಇಷ್ಟು ಹೇಳಿ ನಿಂತಳು. ಚೀಲ ತಗೊಂಡು ಹೊರಗೆ ಹೋದಳು. ಆ ಚೀಲ ನನ್ನ ಅಂಗಡಿಯ ತುಂಡಿನಲ್ಲಿ ಹೊಲಿಸಿದ್ದೇ.

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕೋರು ಎದ್ದರು, ಮತ್ತೆ ಕುಳಿತರು.

ನಾಲ್ಕು ದಿನ ಹುಡುಗಿ ತರಗತಿಗೆ ಬರಲಿಲ್ಲ. ಐದನೇ ದಿನ ಅಕ್ಕೋರು ನನ್ನ ಅಂಗಡಿಗೆ ಬಂದರು. ಸೋಮವಾರದಿಂದ ಸಾಲಿಗಳಲ್ಲಿ ಪಾಠದ ತಾಲೀಮು ಶುರು, ಅದಕ್ಕೆ ಬರದಿದ್ದರೆ ಅವಳ ವರ್ಷ ಹೋಗುತ್ತದೆ. ಒಮ್ಮೆ ವರ್ಷ ಹೋದರೆ ಆ ಮನೆಯಿಂದ ಎರಡನೇ ಸಲ ಯಾರೂ ಕಳಿಸೋದಿಲ್ಲ. ಅವಳ ಓಣಿಯಿಂದ ಇಲ್ಲಿಯ ತನಕ ಓದಿ ಬಂದದ್ದು ಅವಳೊಬ್ಬಳೇ. "ನಾ ಅವ್ರ ಮನಿಗೆ ಹೊಂಟೇನಿ. ನೀವೂ ಬರ್ರಿ" ಅಂದರು.

"ನಾ ಯಾಕ್ರಿ ಅಕ್ಕೋರ? ನೀವ ಕರದ್ರಿ, ಬಂದೆ. ಹೇಳಂದ್ರಿ, ಹೇಳಿದೆ."

ಅವರು ವಾದ ಮಾಡಲಿಲ್ಲ. ಗಾಡಿಯ ಕಡೆ ನಡೆದರು. ಅವರ ಮೇಲಿನ ಮರ್ಯಾದೆಗೆ ಎದ್ದೆನೋ... ಇಲ್ಲ, ಖರೇ ಬರೆಯಬೇಕು ಅಂತಲೇ ಕುಳಿತಿದ್ದೇನೆ. ಸವಣೂರ ಕಡೆಯಿಂದ ನನಗೆ ಭಾಳ ಗಿರಾಕಿ ಇದ್ದರು. ಈ ಸುದ್ದಿ ಹಬ್ಬಿದರೆ ಅಂಗಡಿಯ ಹೆಸರು ಕೆಡುತ್ತದೆ ಅನ್ನೋ ಅಂಜಿಕೆಗೆ ಹೊರಟೆ. ಹೋಗುವಾಗ ಮೇಲಿನ ಕಪಾಟಿನಿಂದ ಒಂದು ಇಳಕಲ್ ಸೀರೆ ತೆಗೆದು ಕಾಗದದಲ್ಲಿ ಸುತ್ತಿಕೊಂಡೆ. ಒಂದು ಸೀರೆಯಲ್ಲಿ ಬಗೆಹರಿಯುವ ಜಗಳ ಅಂತ ನನ್ನ ತಿಳಿವಳಿಕೆ. ಗಾಡಿ ಸವಣೂರು ದಾಟಿದ ಮೇಲೆ ಅಕ್ಕೋರು ಕೇಳಿದರು, "ಅದೇನ್ರಿ?" ಹೇಳಿದೆ. "ಇಳಿಯೂ ಮುಂದ ಅದನ್ನ ಗಾಡ್ಯಾಗ ಬಿಡ್ರಿ" ಅಂದರು. ಬಿಟ್ಟೆ.

ಊರ ಹೊರಗಿನ ಓಣಿ, ಕೊನೇ ಮನೆ. ತಾಯಿ ಅದೇ ಈಗ ಎಲೆತೋಟದ ಕೆಲಸದಿಂದ ಬಂದಿದ್ದಳು. ದಿನವಿಡೀ ವೀಳ್ಯದೆಲೆ ಕೊಯ್ದು ಕಟ್ಟು ಕಟ್ಟಿ ಬೆರಳೆಲ್ಲಾ ಹಸಿರುಗಪ್ಪಾಗಿದ್ದವು. ನನ್ನನ್ನು ನೋಡಿದವಳೇ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕಿ, "ಅಯ್ಯ, ಶಿಗ್ಗಾವಿ ಅರಿವಿ ಅಂಗಡಿ ಸಾವ್ಕಾರ್ರಲ್ರಿ! ಏ, ಬರ್ರ್ಯೆ ಇಲ್ಲೆ, ನೋಡ್ರ್ಯೆ ಯಾರ್ ಬಂದಾರ!" ಅಂತ ಅಕ್ಕಪಕ್ಕದವರನ್ನೆಲ್ಲಾ ಕೂಗಿದಳು. ಕಂಬಳಿ ಹಾಸಿದಳು. "ಕುಂದರ್ರಿ ಸಾವ್ಕಾರ್ರ, ಕುಂದರ್ರಿ ಅಕ್ಕೋರ. ಇಕಿ ತಲಿನೋವು ಅಂತ ನಾಕು ದಿನಾತು ಮಕ್ಕೊಂಡಾಳ. ಅದಕ್ಕ ನೋಡಾಕ ಬಂದ್ರ್ಯಾ?"

ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ.

ಅವಳು ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ತಾಯಿ ಅಕ್ಕೋರ ಎದುರಿಗೆ ಕುಳಿತು ಆ ಕತೆ ತೆಗೆದೇಬಿಟ್ಟಳು. ಯಾವ ಹಬ್ಬದ ಮುಂದೆ ಬಂದಿದ್ದಳು, ಹೊರಗೇ ನಿಂತವಳನ್ನು ನಾನು ಹೆಂಗೆ ಒಳಗೆ ಕರೆದೆ, ಲೋಟ ಹೆಂಗೆ ಫಳಫಳ ಹೊಳೆಯುತ್ತಿತ್ತು... "ನಾ ಬೊಗಸಿ ಒಡ್ಡಿದೆ ನೋಡ್ರಿ, ರೂಢಿ! ನೀರು ತಂದ ಆ ಮನಶಾ ನಕ್ಕು, ಬ್ಯಾಡವ್ವ ಹಿಡಕೋ ಅಂದು ಕೈಯಾಗ ಇಟ್ಟ. ಇವ್ರು ಹೇಳಿಕೊಟ್ಟಿರ್ತಾರಲ್ರಿ, ಮಾಲಕರು ಹೆಂಗೋ ಆಳು ಹಂಗ."

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ತಪ್ಪಾತವ್ವ, ಹೊಟ್ಟಿಗೆ ಹಾಕ್ಕೋ ಅನ್ನಬೇಕು ಅಂತ. ಬಾಯಿ ತೆರೆದೆ. ತೆರೆದಾಗ ಹುಡುಗಿಯ ಮುಖ ಕಂಡಿತು. ಅವಳು ತಲೆ ಅಲ್ಲಾಡಿಸಲಿಲ್ಲ, ಕೈ ಮಾಡಲಿಲ್ಲ, ಬರೀ ನೋಡಿದಳು. ನಾನು ಕ್ಷಮೆ ಕೇಳಿದರೆ ನನ್ನ ಎದೆ ಹಗುರಾಗುತ್ತಿತ್ತು, ನಿಜ. ಆ ತಾಯಿಯ ಕೈಯಲ್ಲಿದ್ದ ಲೋಟವನ್ನು ಮಾತ್ರ ನಾನು ಎರಡನೇ ಸಲ ಕಸಿದುಕೊಂಡಂಗಾಗುತ್ತಿತ್ತು. ಬಾಯಿ ಮುಚ್ಚಿದೆ.

ಆಗ ಅಕ್ಕೋರು ಮಾತಾಡಿದರು. ತಾಯಿಗೆ ಹೇಳಿದರು, ಆದರೆ ದನಿ ಬಾಗಿಲ ಕಡೆಗಿತ್ತು. "ಹೌದ ಯವ್ವ. ನಾ ಮೊದಲನೇ ಸಲ ಹೋದಾಗ ನನಗೂ ಅಲ್ಲೆ ನೀರ ಕೊಟ್ರು."

ತಾಯಿ "ಕೊಡ್ತಾರ, ಕೊಡ್ತಾರ" ಅಂತ ಖುಷಿಯಿಂದ ಗೋಣು ಹಾಕಿದಳು. ಹುಡುಗಿ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು. ಮೊದಲು ಅಕ್ಕೋರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಹೌದು ಅಂತ ತಲೆ ತಗ್ಗಿಸಿದೆ. ತರಗತಿಯಲ್ಲಿ ಈ ಸಂಗತಿಯನ್ನು ನಾನು ಹೇಳಿರಲಿಲ್ಲ, ಮುಖ್ಯಸ್ಥರಿಗೆ ಅವಮಾನ ಅಂತ ಬಿಟ್ಟಿದ್ದೆ.

ಹೊರಡುವಾಗ ಹುಡುಗಿ ಗಾಡಿಯ ತನಕ ಬಂದಳು. ತಾಯಿ ಹಿಂದೆ ಉಳಿದ ಮೇಲೆ ಮೆಲ್ಲಗೆ ಅಂದಳು: "ಸೋಮಾರ ಬರ್ತೇನ್ರಿ ಮೇಡಂ. ಅವ್ವಗ ಮಾತ್ರ ಹೇಳಬ್ಯಾಡ್ರಿ. ಅಕಿ ಇರೂತನಕ. ಎಲ್ಲೂ ಹೇಳಬ್ಯಾಡ್ರಿ, ಎಲ್ಲಿಂದರೆ ಹೋಗಿ ಅಕಿ ಕಿವಿಗೆ ಮುಟ್ಟತೈತಿ."

ಅಕ್ಕೋರು ಅವಳ ಕೈ ಹಿಡಿದುಕೊಂಡು "ಹೇಳೂದಿಲ್ಲ" ಅಂದರು.

"ಸಾವ್ಕಾರ್ರೂ ಮಾತು ಕೊಡ್ಲಿ."

ಕೊಟ್ಟೆ.

ತಿರುಗಿ ಬರುವಾಗ ಹೈವೇ ಸೇರಿದ ಮೇಲೆ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. "ತಪ್ಪು ನಂದ್ರಿ. ನನ್ನ ಮುಂದ ಕುಂತಾವ್ರೆಲ್ಲಾ ನಾಳಿನ ಮಾಸ್ತರು ಅಂತ ಅಷ್ಟ ನೋಡಿದೆ. ತೂಗಾವ್ರು ಹೆಂಗ ತೂಗ್ತಾರ ಅಂತ ಕಲಸಾಕ ಹೊಂಟಿದ್ದೆ. ತೂಗಿಸ್ಕೊಂಡಾವ್ರೂ ಅಲ್ಲೇ ಕುಂತಾರ ಅನ್ನೂದು ನೆನಪಾಗಲಿಲ್ಲ. ಅವ್ರ ಸಲುವಾಗೇ ಈ ವಿಭಾಗ ನಡಸ್ತೇನಿ ಅಂತ ಹಲಗಿ ಹಾಕ್ಕೊಂಡೇನಿ ನೋಡ್ರಿ... ಪೂರಾ ನಂದ ತಪ್ಪು."

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಪಾಠ ಒಂದಿದೆ. ಎದುರಿನವರು ತಾವಾಗಿಯೇ ಬಿಟ್ಟುಕೊಡಲು ಶುರುಮಾಡಿದಾಗ ನೀವು ಬಾಯಿ ಬಿಡಬಾರದು, ಉಸಿರೂ ಜೋರಾಗಿ ಬಿಡಬಾರದು. ಅವತ್ತು ಗಾಡಿಯಲ್ಲಿ ಅಕ್ಕೋರು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದರು. ಕಾಲು ನೋಡಿ ಕೂಗಿದವನು ನಾನು. ಅದನ್ನು ಹೆಮ್ಮೆಯಿಂದ ಕುಣಿದು ತೋರಿಸಿದವನು ನಾನು. ಒಂದು ಮಾತು, "ಇಲ್ರಿ ಅಕ್ಕೋರ, ನನ್ನದೂ ಐತಿ" ಅಂದಿದ್ದರೆ ಆಗುತ್ತಿತ್ತು. ಶಿಗ್ಗಾವಿ ಬರುವ ತನಕ ನಾನು ಉಸಿರು ಹಿಡಿದು ಕುಳಿತೆ. ಅವರು ನನ್ನನ್ನು ಅಂಗಡಿಯ ಮುಂದೆ ಇಳಿಸಿದರು. ಸೀರೆಯ ಗಂಟನ್ನು ಮರೆಯದೆ ತಗೊಂಡು ಇಳಿದೆ.

ಹುಡುಗಿ ಸೋಮವಾರ ಬಂದಳು. ಪಾಠಗಳನ್ನು ಮುಗಿಸಿದಳು, ಪಾಸಾದಳು, ಈಗ ಹಾನಗಲ್ಲ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಅಂಗಡಿಯಲ್ಲಿ ಆ ಕೂಗು ನಿಂತಿತು. ನನ್ನ ಹಳೇ ಮನುಷ್ಯನಿಗೆ ಕಾರಣ ಹೇಳಲಿಲ್ಲ, "ಇನ್ನ ಮ್ಯಾಲೆ ಬಂದಾವ್ರಿಗೆಲ್ಲಾ ಎರಡೂ ಕಪಾಟು ತೋರಸು" ಅಂದೆ. ಕಾಲು ನೋಡುವುದು ನಿಂತಿತು ಅಂತ ಮಾತ್ರ ಬರೆಯಲಾರೆ. ಕಣ್ಣು ತಾನಾಗಿಯೇ ಹೋಗುತ್ತದೆ. ಹೋದದ್ದು ಗೊತ್ತಾಗುತ್ತದೆ ಅಷ್ಟೇ, ಮೊದಲು ಅದೂ ಗೊತ್ತಾಗುತ್ತಿರಲಿಲ್ಲ.

ಅಕ್ಕೋರು ನನ್ನ ಹತ್ತಿರ ಆ ಸುದ್ದಿಯನ್ನು ಮತ್ತೆ ಎತ್ತಲೇ ಇಲ್ಲ. ಪ್ರತಿ ವರ್ಷ ಅರಿವಿಗೆ ಬಂದರು, ಪ್ರತಿ ವರ್ಷ ಜಗಳ ಆಡಿ ಗೆದ್ದರು. ಆದರೆ ಅಳತೆಗೆ ಹೋದಾಗ ಹೊಸ ಹುಡುಗರ ಬಾಯಲ್ಲಿ ಒಂದು ಮಾತು ಕೇಳುತ್ತಿದ್ದೆ. ಮೊದಲ ದಿನ ಮೇಡಂ ಎಲ್ಲರ ಮುಂದೆ ನಿಂತು ಹೇಳುತ್ತಾರಂತೆ: "ನಾ ಈ ಕೋಣ್ಯಾಗ ಒಬ್ಬ ವಿದ್ಯಾರ್ಥಿಗೆ ಅನ್ಯಾಯ ಮಾಡೇನಿ. ಏನಂತ ಹೇಳಾಕ ನನಗ ಹಕ್ಕಿಲ್ಲ. ಆದ್ರ ಮಾಡೇನಿ." ಹುಡುಗರು ತಮಗೆ ತೋಚಿದಂತೆ ಕತೆ ಕಟ್ಟುತ್ತಿದ್ದರು. ಯಾರನ್ನೋ ನಪಾಸು ಮಾಡಿದ್ದರಂತೆ, ಯಾರಿಗೋ ಬೈದಿದ್ದರಂತೆ... ನಾನು ಟೇಪು ಹಿಡಿದುಕೊಂಡು ದರ್ಜಿಗೆ ಭುಜದ ಅಳತೆ ಹೇಳುತ್ತಿದ್ದೆ.

ಅವರು ನಿವೃತ್ತರಾಗಿ ಊರಿಗೆ ಹೋದರು. ಒಂದೆರಡು ಸಲ ಹಿರೇಕೆರೂರಿಗೆ ಹೋದಾಗ ಕಂಡು ಬರಬೇಕು ಅಂದುಕೊಂಡೆ. ವ್ಯಾಪಾರದ ಗಡಿಬಿಡಿ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಜಡ್ಡಾಗಿ ಭಾಳ ದಿನ ಮಲಗಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ.

ವಿಭಾಗದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ದೊಡ್ಡ ದೊಡ್ಡವರು ಬಂದು ಮಾತಾಡಿದರು. ಒಬ್ಬರು ಆ ಮೊದಲ ದಿನದ ಮಾತನ್ನೇ ತೆಗೆದರು. "ಅವರು ಯಾವ ಅನ್ಯಾಯವನ್ನೂ ಮಾಡಿದವರಲ್ಲ. ಅದು ಅವರ ವಿನಯ, ವಿದ್ಯಾರ್ಥಿಗಳಿಗೆ ಪಾಠವಾಗಲಿ ಎಂದು ಕಟ್ಟಿದ ಮಾತು" ಅಂದರು. ಜನ ಚಪ್ಪಾಳೆ ತಟ್ಟಬಾರದ ಸಭೆ, ಆದರೂ ತಟ್ಟಿದರು. ನನ್ನ ಮುಂದಿನ ಸಾಲಿನಲ್ಲಿ ಆ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದು ಕುಳಿತಿದ್ದಳು. ತಮ್ಮ ಮನೆಗೆ ಬಂದುಹೋದ ಅಕ್ಕೋರು ಅಂತ ಆ ಮುದುಕಿ ಹಟ ಮಾಡಿ ಬಂದಿದ್ದಳಂತೆ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಮಗಳನ್ನು ಕೇಳಿದಳು, "ಏನ್ ಅನ್ಯಾಯ ಮಾಡಿದ್ರಂತ ಅವ್ರು?"

ಮಗಳು ನೆಟ್ಟಗೆ ಮುಂದೆ ನೋಡುತ್ತಾ "ಏನಿಲ್ಲವ್ವ" ಅಂದಳು.

ಆಮೇಲೆ ಯಾರೋ ನನ್ನನ್ನು ಎಬ್ಬಿಸಿದರು. ಅಕ್ಕೋರಿಗೆ ಇಷ್ಟು ವರ್ಷ ಅರಿವಿ ಕೊಟ್ಟವರು, ಎರಡು ಮಾತಾಡಲಿ ಅಂತ. ನಿಂತೆ. ಎದುರಿಗೆ ಆ ತಾಯಿಯ ಮುಖ, ಬದಿಯಲ್ಲಿ ಮಗಳದು. ಅಕ್ಕೋರ ಬಗ್ಗೆ ನನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಸಂಗತಿ ನಾಲಿಗೆಯ ತುದಿಗಿತ್ತು. "ಚೌಕಾಶಿಯಾಗ ಅವ್ರನ್ನ ಗೆದ್ದಾವ್ರಿಲ್ಲ" ಅಂದೆ. ಜನ ನಕ್ಕರು. ಕುಳಿತೆ.

ಈ ಶ್ರಾವಣಕ್ಕೆ ಮುಂಚೆ ಆ ತಾಯಿಯೂ ಹೋದಳು. ಮಣ್ಣಿಗೆ ಹೋಗಿದ್ದೆ. ದಿನಗಳೆಲ್ಲಾ ಮುಗಿದ ಮೇಲೆ ಮಗಳು ಫೋನು ಮಾಡಿದಳು. "ಸಾವ್ಕಾರ್ರ, ನೀವು ಕೊಟ್ಟ ಮಾತು ಮುಗೀತ್ರಿ. ಮೇಡಂ ಬಗ್ಗೆ ಬರಿಯೂದಿದ್ರ ಈಗ ಬರೀರಿ. ವಿನಯ, ಕಟ್ಟಿದ ಮಾತು ಅಂತ ಅಂದುಬಿಟ್ಟಾರಲ್ಲ, ಅದು ಹಂಗ ಉಳಿಯೂದು ಬ್ಯಾಡ."

ಅದಕ್ಕೇ ಇಷ್ಟು ಬರೆದೆ. ಅಕ್ಕೋರು ಹೇಳಿದ್ದು ಕಟ್ಟಿದ ಮಾತಲ್ಲ, ಆದದ್ದು. ಆದರೆ ಅದರಲ್ಲೂ ಒಂದು ಸರಿಯಿರಲಿಲ್ಲ. ಪೂರಾ ನಂದ ತಪ್ಪು ಅಂದಿದ್ದರು. ಪೂರಾ ಅವರದಾಗಿರಲಿಲ್ಲ, ಅದರಲ್ಲಿ ಹೆಚ್ಚಿನ ಪಾಲು ನನ್ನದು. ಹೈವೇ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಾಗ ಹೇಳಬೇಕಿದ್ದ ಮಾತು ಇದು. ಇಷ್ಟು ವರ್ಷ ಅವರು ಒಬ್ಬರೇ ಹೊತ್ತರು, ನಾನು ಹೊರಲು ಬಿಟ್ಟೆ. ಈಗ ನಾನು ಎಷ್ಟೇ ಒಪ್ಪಿಕೊಂಡರೂ ತಗೊಳ್ಳುವವರು ಎದುರಿಗಿಲ್ಲ...